ಹೊಸ್ತಿಲ ಮೇಲಿನ ಗಜಕೋಲು

ಮಹಾರಾಷ್ಟ್ರದ ಲಾಸಲಗಾಂವದಿಂದ ಅರ್ಧ ತಾಸಿನ ಹಾದಿಯ ನಮ್ಮ ಹಳ್ಳಿಯ ಹಳೆ ಪೇಟೆಯಲ್ಲಿ ಈಗ ಅರಿವೆ ಅಂಗಡಿಗಳು ಎರಡೇ ಉಳಿದಿವೆ. ಒಂದು ನನ್ನದು, ಎದುರಿಗಿನದು ಮಹಿಬೂಬ ಕಾಕಾನದು. ಮಿಕ್ಕವರೆಲ್ಲ ಹೈವೇ ಪಕ್ಕದ ಕಾಂಪ್ಲೆಕ್ಸಿಗೆ ಹೋದರು. ನನಗೂ ಅಲ್ಲೊಂದು ಅಂಗಡಿ ತೋರಿಸಿದ್ದರು. ಅಂದು ಸಂಜೆಯೊಳಗೆ ಹೂಂ ಇಲ್ಲವೇ ಉಹೂಂ ಅನ್ನಬೇಕಿತ್ತು. ವಾಳೂಜದ ಕಾರ್ಖಾನೆಯಲ್ಲಿರುವ ಗಂಡ, "ಅಂಗಡಿ ನಡಸಾಕಿ ನೀನು, ನೀನೇ ನೋಡು" ಅಂದು ಫೋನಿಟ್ಟಿದ್ದ.

ಪೇಟೆಯಲ್ಲೊಂದು ರೂಢಿ. ಅಂಗಡಿ ಬಿಟ್ಟು ಎದ್ದರೆ ಅರಿವೆ ಅಳೆಯುವ ಗಜಕೋಲನ್ನು ಹೊಸ್ತಿಲ ಮೇಲೆ ಅಡ್ಡ ಇಡುತ್ತೇವೆ, ಬಾಗಿಲು ಹಾಕುವುದಿಲ್ಲ. ಕೋಲು ದಾಟಿ ಯಾರೂ ಒಳಗೆ ಬರುವುದಿಲ್ಲ. ಎದುರಂಗಡಿಯವರ ಕಣ್ಣು ಅದರ ಮೇಲೆಯೇ.

ಐದಕ್ಕೆದ್ದು ರೊಟ್ಟಿ ಬಡಿದು, ಮಗಳು ರುಚಿತಾಳ ಡಬ್ಬಿ ಕಟ್ಟಿ, ಅಂಗಡಿ ತೆಗೆದು ದಣಿದಿದ್ದೆ. ಮಧ್ಯಾಹ್ನ ಹೊಸ ಜಾಗ ಅಳೆಯಲೆಂದು ಆ ಕೋಲನ್ನೇ ಎತ್ತಿಕೊಂಡು ಸ್ಕೂಟಿ ಹತ್ತಿದೆ.

ಜಾಗವೇನೋ ಚೆನ್ನಾಗಿತ್ತು. ನೆಲದ ಫರಶಿಯಲ್ಲಿ ಮುಖ ಕಾಣುತ್ತಿತ್ತು.

"ಎದುರಂಗಡಿ ಯಾರದರಿ?" ದಲಾಲ ಸಂಗಮನಾಥನನ್ನು ಕೇಳಿದೆ.

"ಎದುರಿಗಿ ಹೈವೇ ಅದಲ್ರಿ ಅಕ್ಕಾರ! ಮತ್ತೇನ ಬೇಕ್ರಿ?"

ಆಗ ಕೈಯಲ್ಲಿದ್ದ ಕೋಲು ಕಂಡಿತು. ಅಲ್ಲಿ ಪೇಟೆಯಲ್ಲಿ ನನ್ನ ಅಂಗಡಿಯ ಬಾಗಿಲು ತೆರೆದಿದೆ, ಹೊಸ್ತಿಲು ಬರಿದು.

ಓಡಿಬಂದು ನೋಡಿದರೆ ಹೊಸ್ತಿಲ ಮೇಲೆ ಕೋಲಿತ್ತು. ಹಿತ್ತಾಳೆ ಕಟ್ಟಿನದು, ಕಾಕಾನದು.

"ಆಯಿ, ಅಜ್ಜಾನ ದುಕಾನ ಬಂದ್!" ಶಾಲೆ ಬಿಟ್ಟು ಬಂದು ಕಾಕಾನ ಕಟ್ಟೆಯ ಮೇಲೆ ಕೂತಿದ್ದ ರುಚಿತಾ ಕೂಗಿದಳು. ಪಕ್ಕದಲ್ಲಿ ಅವನ ಗಿರಾಕಿ ಸುಶೀಲಾಬಾಯಿ ಚಹಾ ಕುಡಿಯುತ್ತಿದ್ದಳು; ನನ್ನನ್ನು ಕಂಡು ದೂರಿದಳು:

"ತಾಸಾತು ಕೂಡಿಸ್ಯಾನ ನೋಡು, ಜಗದೇವಿ. ಮಗಳ ಮದುವಿಗಿ ಕುಬಸದ ಖಣ ಕೇಳಿದರ ಮೊಮ್ಮಗಳ ಮದುವಿಗಿ ಕೊಡ್ತಾನ ಕಾಣಸ್ತದ!"

"ಕೋಲಿಲ್ಲದ ಹ್ಯಾಂಗ ಅಳೀಲಿ?" ಅಂದ ಕಾಕಾ.

"ಎದುರಿಗೇ ಬಿದ್ದದಲ್ಲೋ!"

"ಅದು ಬಾಗಲಾ ಕಾಯಲತ್ತದ."

ಆಮೇಲೆ ಕಾಕಾ ನನ್ನ ಮುಖ ನೋಡದೆ ಕೇಳಿದ: "ಅಳತಿ ಏನ ಬಂತವ್ವ?"

"ಅಗಲ ನಾಕು ಗಜ, ಉದ್ದ ಆರು."

"ಹೂಂ. ದೊಡ್ಡದದ."

ಖಣದ ಮಡಿಕೆಯನ್ನು ಬಿಚ್ಚಿದ, ಮತ್ತೆ ಮಡಚಿದ. ಅಷ್ಟರಲ್ಲಿ ಸಂಗಮನಾಥನ ಫೋನು ಬಂತು.

"ಜಾಗಾ ಚೊಲೊ ಅದರಿ ಅಣ್ಣಾರ, ಆದರ ನನಗ ಬ್ಯಾಡ. ಎದುರಿಗಿ ಯಾರೂ ಇಲ್ಲರಿ," ಅಂದೆ.

ಹೊಸ್ತಿಲಿಂದ ಕೋಲು ತೆಗೆದು ಕಾಕಾನ ಕೈಗಿಟ್ಟೆ.

"ಇನ್ನೊಮ್ಮಿ ಕೋಲ ಹಿಡಕೊಂಡ ಊರ ತಿರಗಬ್ಯಾಡ," ಎಂದು ಗದರಿದ. "ನನ್ನ ಗಿರಾಕಿ ಕೆಡತಾವ."

"ಕೆಟ್ಟೇ ಹೋದೆವು," ಅಂದಳು ಸುಶೀಲಾಬಾಯಿ. "ಈಗಾರ ಅಳೀತಿಯೋ ಇಲ್ಲೋ?"