ಎರಡು ಫ್ಲಾಸ್ಕು, ಒಂದು ಕೆಮ್ಮು

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹತ್ತೂವರೆಗೆ ಹೊಲಿಗೆ ಯಂತ್ರಗಳು ನಿಂತರೆ, ಎಲ್ಲರ ಲೋಟಗಳೂ ಕಾಲರ್ ಹೊಲಿಯುವ ಅಕ್ಕನ ಫ್ಲಾಸ್ಕಿನತ್ತ ಹೊರಡುತ್ತಿದ್ದವು. ಶುಂಠಿ, ಮೆಣಸು, ತುಳಸಿ ಕುದಿಸಿದ ಅವಳ ಕಷಾಯಕ್ಕೆ ಹನ್ನೆರಡು ವರ್ಷದ ಹೆಸರಿತ್ತು. ಯಾರಾದರೂ ಸೀನಿದರೆ ಸಾಕು, ಅವಳ ಮುಖ ಅರಳುತ್ತಿತ್ತು.

ಗುಂಡಿ ಹಚ್ಚಲು ಬಂದ ಹೊಸಬಳೂ ಒಂದು ಫ್ಲಾಸ್ಕ್ ತಂದಳು: ಅರಿಸಿನ, ಜ್ಯೇಷ್ಠಮಧು, ಕಲ್ಲುಸಕ್ಕರೆ. ವಾರದೊಳಗೆ ಅರ್ಧ ಲೋಟಗಳು ಆ ಕಡೆ ತಿರುಗಿದವು. ಮಿಕ್ಕ ಕಷಾಯವನ್ನು ಅಕ್ಕ ತಾನೇ ಕುಡಿದು ಮುಗಿಸತೊಡಗಿದಳು. ಹೊಟ್ಟೆಯಲ್ಲಿನ ಉರಿ ಮೆಣಸಿನದೇ ಎಂದುಕೊಂಡಳು.

"ಸಕ್ಕರೆ ನೀರು ತಂದು ಔಷಧಿ ಅಂತಾಳೆ," ಎಂದಳು, ಕೇಳಿಸುವಷ್ಟು ಗಟ್ಟಿಯಾಗಿ.

"ಕಹಿಯೇ ಔಷಧಿ ಆಗಿದ್ರೆ, ಕೆಲವರ ಮಾತು ಕೇಳಿಯೇ ಎಲ್ಲರಿಗೂ ಗುಣ ಆಗ್ಬೇಕಿತ್ತು," ಎಂದಳು ಗುಂಡಿಯವಳು, ದಾರ ಕಚ್ಚುತ್ತ.

ಅಷ್ಟರಲ್ಲಿ ಬಟ್ಟೆ ಕತ್ತರಿಸುವ ಮಾಸ್ತರರಿಗೆ ಕೆಮ್ಮು ಹಿಡಿಯಿತು. ದಾಕ್ಷಿಣ್ಯದ ಮನುಷ್ಯ, ಬೆಳಿಗ್ಗೆ ಅಕ್ಕನದು ಕುಡಿದರು, ಸಂಜೆ ಗುಂಡಿಯವಳದು. ಕೆಮ್ಮು ತಗ್ಗಿದ ದಿನ ಇಬ್ಬರೂ ತಮ್ಮದೇ ಗುಣವೆಂದರು. ಹೆಚ್ಚಿದ ದಿನ ಇನ್ನೊಬ್ಬಳ ಕೈಗುಣ ನೋಡಿ ಎಂದರು.

"ಒಂದ್ಸಲ ಡಾಕ್ಟರಿಗೆ ತೋರಿಸ್ಲಾ?" ಎಂದು ಮಾಸ್ತರರು ಇಬ್ಬರನ್ನೂ ಕೇಳಿದ್ದರು.

"ನನ್ನ ಮೇಲೆ ನಂಬಿಕೆ ಇಲ್ವಾ? ಇನ್ನೆರಡು ದಿನ ನೋಡಿ," ಎಂದಿದ್ದರು ಇಬ್ಬರೂ, ಬೇರೆ ಬೇರೆಯಾಗಿ. ಆ ಎರಡು ದಿನ ಮೂರು ವಾರವಾಯಿತು. ಮಾಸ್ತರರು ಬೆಲ್ಟಿಗೆ ಹೊಸ ತೂತು ಕೊರೆದುಕೊಂಡರು.

ಒಂದು ಮಧ್ಯಾಹ್ನ ಅವರು ಅಕ್ಕನ ಬಳಿ ಬಂದರು. "ಅವಳದು ಬಿಟ್ಬಿಟ್ಟೆ ಅಕ್ಕ. ಇನ್ಮೇಲೆ ನಿಮ್ಮದೊಂದೇ."

ಅಕ್ಕ ಮುಚ್ಚಳ ತಿರುಗಿಸುತ್ತ, ಗುಂಡಿಯವಳು ನೋಡುತ್ತಿದ್ದಾಳೆಯೇ ಎಂದು ಓರೆಗಣ್ಣಲ್ಲಿ ಖಚಿತಪಡಿಸಿಕೊಂಡಳು. ನೋಡುತ್ತಿದ್ದಳು. ಅಷ್ಟರಲ್ಲಿ ಮಾಸ್ತರರು ಕೆಮ್ಮಿ, ಕರವಸ್ತ್ರ ಮಡಿಸಿದರು. ಬಿಳಿ ಬಟ್ಟೆಯ ಮೇಲಿನ ಕಲೆ ಹುಡುಕುವುದೇ ಅಕ್ಕನ ಅರ್ಧ ಕೆಲಸ. ಗುಂಡುಪಿನ್ನಿನ ತಲೆಯಷ್ಟು ಕೆಂಪು ಅವಳಿಗೆ ಕಂಡಿತು.

ಕೈ ನಿಂತಿತು. ಮುಚ್ಚಳ ಮತ್ತೆ ಬಿಗಿದು, ನೇರ ಗುಂಡಿಯವಳ ಮುಂದೆ ಹೋಗಿ ನಿಂತಳು. "ಏಳು. ಮಾಸ್ತರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ರಕ್ತ ಬರ್ತಿದೆ."

"ನಾನ್ಯಾಕೆ? ನಂದು ಬಿಟ್ಟೆ ಅಂದ್ರಲ್ಲ."

"ನೀನೇನು ಕುಡಿಸಿದ್ದೆ ಅಂತ ಡಾಕ್ಟರಿಗೆ ನಾನು ಹೇಳೋಕಾಗುತ್ತಾ?"

ಗುಂಡಿಯವಳು ಸೂಜಿ ಚುಚ್ಚಿಟ್ಟು ಎದ್ದಳು.

ಆಸ್ಪತ್ರೆಯಲ್ಲಿ ವೈದ್ಯೆ ಎಕ್ಸ್‌ರೇ ನೋಡಿ, ಕಫದ ಪರೀಕ್ಷೆಗೂ ಬರೆದರು. "ಕೈ ಮೀರಿಲ್ಲ. ಆದ್ರೆ ಮೂರು ವಾರ ಯಾಕೆ ಕಾದ್ರಿ? ಬರಬೇಡ ಅಂದವರು ಯಾರು?"

"ಯಾರೂ ಇಲ್ಲ ಬಿಡಿ," ಎಂದರು ಮಾಸ್ತರರು, ಅಲ್ಲಿಯೂ ದಾಕ್ಷಿಣ್ಯ ಬಿಡದೆ.

"ನಾನು," ಎಂದಳು ಅಕ್ಕ.

ಗುಂಡಿಯವಳು ಅವಳನ್ನೊಮ್ಮೆ ನೋಡಿದಳು. "ಇಲ್ಲ ಡಾಕ್ಟ್ರೇ, ಮೊದಲು ಬೇಡ ಅಂದಿದ್ದು ನಾನು."

"ನಿಂಗೇನು ಗೊತ್ತು? ನನ್ನನ್ನೇ ಮೊದಲು ಕೇಳಿದ್ದು," ಎಂದಳು ಅಕ್ಕ.