ಗಿಡ್ಡ ಬೋಲ್ಟ್

ನಿಪ್ಪಾಣಿಯಲ್ಲಿ ಹೆದ್ದಾರಿಯ ಕಡೆ ಹೋಗುವ ರಸ್ತೆಯ ಮೇಲೆ ವಾಜಿದಾಳ ಅಂಗಡಿ. ಮುಂದುಗಡೆ ಹೆಲ್ಮೆಟ್ಟು, ಕನ್ನಡಿ, ಸೀಟ್ ಕವರುಗಳ ಸಾಲು. ಹಿಂದುಗಡೆ ಎರಡು ಬೈಕು ನಿಲ್ಲಿಸಿ ಕೆಲಸ ಮಾಡುವಷ್ಟು ಜಾಗ. ಅಪ್ಪ ನಜೀರಸಾಬ ಕಣ್ಣು ಮಂಜಾದ ಮೇಲೆ ಬೋಲ್ಟು ಬಿಗಿಯುವ ಪಾನಾಗಳನ್ನೆಲ್ಲ ಮಗಳಿಗೊಪ್ಪಿಸಿ ತಾನು ಮುಂದೆ ಗಿರಾಕಿಗಳೊಂದಿಗೆ ಮಾತಿಗೆ ಕೂತಿದ್ದ. ಆರು ವರ್ಷದಲ್ಲಿ ವಾಜಿದಾಳ ಕೈಯಿಂದ ಹೊರಟ ಬೈಕು ದೂರಿನ ಜೊತೆ ತಿರುಗಿ ಬಂದದ್ದಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಉಜ್ವಲಾ ಎಂಬಾಕೆ ಬಂದಳು. ಊರು ರಾಯಬಾಗದ ಕಡೆಯ ದಿಗ್ಗೇವಾಡಿ, ಚಿಕ್ಕೋಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಮೂತಿಯಿಂದ ಹೊಟ್ಟೆಯ ತನಕ ಪ್ಲಾಸ್ಟಿಕ್ಕಿನ ಮೈ ಹೊದ್ದ ನೀಲಿ ಸ್ಪೋರ್ಟ್ಸ್ ಬೈಕು ಅವಳದು. ಇಳಿದು ಹೆಲ್ಮೆಟ್ ತೆಗೆದಾಗ ಜನವರಿಯ ಚಳಿಯಲ್ಲೂ ಅವಳ ಹಣೆ ಬೆವತಿತ್ತು.

ಎರಡು ತಿಂಗಳ ಹಿಂದೆ ಕಾಗವಾಡದ ರಸ್ತೆಯಲ್ಲಿ ಬಿದ್ದಿದ್ದಳಂತೆ. ಕಬ್ಬಿನ ಟ್ರ್ಯಾಕ್ಟರಿನಿಂದ ಉದುರಿದ ರವದಿ ದಾರಿಯ ತುಂಬ ಹಾಸಿತ್ತು. ಆ ಒಣ ಎಲೆಗಳ ಮೇಲೆ ಬ್ರೇಕು ಮುಟ್ಟಿದ್ದೇ ಗಾಡಿ ಎಡಕ್ಕೆ ಮಲಗಿತು, ಕಾಲು ಅಡಿಗೆ ಸಿಕ್ಕಿತು. ಹಿಂದಿನಿಂದ ಇನ್ನೊಂದು ಟ್ರ್ಯಾಕ್ಟರಿನ ಸದ್ದು ಹತ್ತಿರಾಗುತ್ತಿತ್ತು, ಕಾಲು ಎಳೆದರೆ ಬರುತ್ತಿರಲಿಲ್ಲ. ಚಾಲಕ ನೋಡಿದ, ನಿಲ್ಲಿಸಿದ, ಗಾಡಿ ಎತ್ತಿದ. ಕಾಲು ಮುರಿದಿರಲಿಲ್ಲ. ಒಡೆದ ಪ್ಲಾಸ್ಟಿಕ್ಕಿನ ಬದಲು ಹೊಸದು ಹಾಕಿಸಿದ್ದೂ ಆಯಿತು. ಆದರೆ ಆ ಸದ್ದು ಮಾತ್ರ ಕಿವಿಯಿಂದ ಹೋಗಿಲ್ಲ ಎಂದು ಅವಳು ನೆಲ ನೋಡುತ್ತ ಹೇಳಿದಳು.

ಬಿದ್ದಾಗ ಗಾಡಿಗೆ ಆಸರೆಯಾಗುವಂಥವು ಮೂರು ನಮೂನೆ ವಾಜಿದಾ ತಂದಿಟ್ಟಳು. ಮೊದಲನೆಯದು ಕಬ್ಬಿಣದ ಕೊಳವೆಯ ಗಾರ್ಡು. ಗಟ್ಟಿ, ಆದರೆ ಭಾರ, ವೇಗದಲ್ಲಿ ಜಾರುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಗಾಡಿಯನ್ನೇ ಮಗುಚಿಬಿಡಬಹುದು. ಇನ್ನೆರಡು ಸ್ಲೈಡರುಗಳು, ಎಂದರೆ ಬಿದ್ದಾಗ ಮೈಗಿಂತ ಮೊದಲು ನೆಲಕ್ಕೆ ತಾಗಿ ಜಾರುವ ಗಟ್ಟಿ ಗುಬುಟುಗಳು. ಒಂದಕ್ಕೆ ಮೈ ಕೊರೆಯುವುದು ಬೇಡ, ಓರೆ ಪಟ್ಟಿಯ ಮೇಲೆ ಕೂರುತ್ತದೆ. ಇನ್ನೊಂದಕ್ಕೆ ಪ್ಲಾಸ್ಟಿಕ್ಕಿನಲ್ಲಿ ತೂತು ಕೊರೆದು ನೇರವಾಗಿ ಕೂರಿಸಬೇಕು. ಎರಡಕ್ಕೂ ಎಂಜಿನ್ನನ್ನು ಹಿಡಿದಿಡುವ ಬೋಲ್ಟನ್ನೇ ತೆಗೆದು ಅದರ ಜಾಗಕ್ಕೆ ಬೇರೆ ಬೋಲ್ಟ್ ಹಾಕಬೇಕು: ಓರೆ ಪಟ್ಟಿಯದಕ್ಕೆ ಗಿಡ್ಡದು, ನೇರದ್ದಕ್ಕೆ ಉದ್ದನೆಯದು.

ಉಜ್ವಲಾ ಒಂದೊಂದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ, "ಬಿದ್ರ ನನ್ನ ಕಾಲ ಉಳಿತೈತೇನ್ರಿ?" ಎಂದಳು.

"ಅದನ್ನ ಯಾರೂ ಹೇಳಾಕ ಆಗೂದಿಲ್ಲರಿ ಮೇಡಮ್. ಪ್ಲಾಸ್ಟಿಕ್ ಉಳಿತೈತಿ, ಎಂಜಿನ್ ಉಳಿತೈತಿ. ನಿಂತಲ್ಲೇ ಬಿದ್ರ ಕಾಲಿಗೆ ಒಂಚೂರು ಜಾಗಾ ಸಿಗತೈತಿ."

ಹೊಸ ಪ್ಲಾಸ್ಟಿಕ್ಕಿಗೆ ತೂತು ಬೀಳುವುದು ಮನಸ್ಸಿಗೆ ಬಾರದೆ ಅವಳು ಓರೆ ಪಟ್ಟಿಯದನ್ನು ಆರಿಸಿದಳು. ವಾಜಿದಾ ಬಲಗಡೆ ಕೂರಿಸಿದ್ದೂ ಆಯಿತು. ಆಗ ಉಜ್ವಲಾ ಬಗ್ಗಿ ಆ ಪಟ್ಟಿಯನ್ನೇ ದಿಟ್ಟಿಸಿ, ಭಾರವೆಲ್ಲ ತುದಿಗೆ ಬಿದ್ದರೆ ಇದು ಒಳಕ್ಕೆ ಬಾಗುವುದಿಲ್ಲವೇ ಎಂದು ಕೇಳಿದಳು. ಬಾಗಬಹುದು ಎಂದು ವಾಜಿದಾ ಒಪ್ಪಿಕೊಂಡಳು. ಮತ್ತೆ ಯೋಚನೆ, ಮತ್ತೆ ಅರ್ಧ ತಾಸು. ಕಡೆಗೆ ಬಿಚ್ಚಿ, ಎರಡೂ ಕಡೆ ಕೊರೆದು, ನೇರದ್ದನ್ನೇ ಹಾಕಿದ್ದಾಯಿತು. ಬಿಗಿ ಸಾಕಾದಾಗ ಸದ್ದು ಮಾಡುವ ಟಾರ್ಕ್ ಪಾನಾ ಎರಡೂ ಬದಿ ಟಕ್ಕೆಂದಿತು. ಇನ್ನು ಧೈರ್ಯವಾಗಿ ಹೋಗಿರೆಂದು ವಾಜಿದಾ ಕಳಿಸಿಕೊಟ್ಟಳು.

ಕಾಲು ತಾಸಿನ ನಂತರ ಬೆಂಚು ಸ್ವಚ್ಛ ಮಾಡುವಾಗ, ಬೇಡವಾದ ನಮೂನೆಯನ್ನು ಡಬ್ಬಿಗೆ ತುಂಬಲು ಬೋಲ್ಟುಗಳನ್ನು ಎತ್ತಿಕೊಂಡಳು. ಎರಡು ಗಿಡ್ಡ ಬೋಲ್ಟು ಇರಬೇಕಿತ್ತು. ಅಂಗೈಯಲ್ಲಿ ಒಂದು ಗಿಡ್ಡ, ಒಂದು ಉದ್ದ.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಎರಡನ್ನೂ ಒತ್ತಿ ಹಿಡಿದು ನೋಡಿದಳು. ಒಂದು ಬೆರಳಗಲ ವ್ಯತ್ಯಾಸ. ಉದ್ದನೆಯದು ಇಲ್ಲಿದೆ ಎಂದರೆ ಗಿಡ್ಡದು ಆ ಗಾಡಿಯಲ್ಲಿದೆ. ಬಲಗಡೆ, ಎಂಜಿನ್ ಹಿಡಿದುಕೊಂಡು, ನಾಲ್ಕೋ ಐದೋ ಸುತ್ತಿನ ಆಧಾರದ ಮೇಲೆ. ಪಾನಾಕ್ಕೆ ಬಿಗಿ ಗೊತ್ತಾಗುತ್ತದೆಯೇ ಹೊರತು ಎಷ್ಟು ಸುತ್ತು ಹಿಡಿದಿದೆ ಎಂಬುದು ಗೊತ್ತಾಗುವುದಿಲ್ಲ. ಓಟದ ನಡುಕಕ್ಕೆ ಅದು ಸಡಿಲಾಗುತ್ತ ಹೋಗುತ್ತದೆ.

ಫೋನ್ ಹಚ್ಚಿದಳು. ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಹೆಲ್ಮೆಟ್ಟಿನೊಳಗೆ, ಗಾಳಿಯ ಸದ್ದಿನಲ್ಲಿ, ಯಾರಿಗೆ ಕೇಳಿಸಬೇಕು? ಅಪ್ಪನಿಗೆ ಏನೋ ಒಂದು ಹೇಳಿ, ಉದ್ದ ಬೋಲ್ಟನ್ನೂ ಪಾನಾಗಳನ್ನೂ ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದಳು.

ಚಿಕ್ಕೋಡಿ ರಸ್ತೆಯ ಮೇಲೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ತೆವಳಿದಂತೆ ಹೋಗುತ್ತಿದ್ದವು. ಪ್ರತಿಯೊಂದನ್ನು ದಾಟುವಾಗಲೂ ಅದರ ಮುಂದೆ ಏನು ಕಾಣುವುದೋ ಎಂದು ಕತ್ತು ಚಾಚಿ ನೋಡುತ್ತಿದ್ದಳು. ರವದಿ ಕಂಡಲ್ಲೆಲ್ಲ ಜಾರಿದ ಗುರುತು ಹುಡುಕುತ್ತಿದ್ದಳು. ಅಲ್ಲಾಹನ ಹೆಸರು ಬಾಯಲ್ಲಿತ್ತು, ಕೈ ಮಾತ್ರ ಆಕ್ಸಿಲರೇಟರ್ ತಿರುವುತ್ತಲೇ ಇತ್ತು.

ಖಡಕಲಾಟ ಎಂಬ ಹಳ್ಳಿ ಹತ್ತಿರವಾದಾಗ ದಾರಿಯ ಮೇಲೆ ಜನ ಗುಂಪುಗೂಡಿದ್ದರು. ಟ್ರ್ಯಾಕ್ಟರೊಂದು ಅಡ್ಡ ನಿಂತಿತ್ತು. ಅದರ ಗಾಲಿಯ ಬಳಿ ನೀಲಿ ಪ್ಲಾಸ್ಟಿಕ್ಕಿನ ಚೂರುಗಳು.

ವಾಜಿದಾ ಸ್ಕೂಟರ್ ನಿಲ್ಲಿಸಿದಳು; ಸ್ಟ್ಯಾಂಡ್ ಹಾಕುವುದೂ ನೆನಪಾಗದೆ ಅದು ಪಕ್ಕಕ್ಕೆ ಉರುಳಿತು. ಗುಂಪಿನತ್ತ ಹೆಜ್ಜೆ ಹಾಕಿದರೂ ಕಣ್ಣು ಎತ್ತಲು ಧೈರ್ಯ ಬರಲಿಲ್ಲ. ಹಿಂದೆ ನಿಂತಿದ್ದ ಮುದುಕನೊಬ್ಬನನ್ನು ಯಾರಿಗೆ ಏನಾಯಿತೆಂದು ಕೇಳಿದಳು.

"ಯಾರಿಗೂ ಏನೂ ಆಗಿಲ್ಲವಾ. ನೀರಿನ ಡ್ರಮ್ ಬಿದ್ದ ಒಡದೈತಿ. ನೀ ಯಾಕ ಹಿಂಗ ನಡಗಾಕತ್ತಿ?"

ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಮುದುಕ ನೀರು ತರುತ್ತೇನೆಂದ. ಬೇಡವೆಂದು ಎದ್ದು, ಸ್ಕೂಟರ್ ಎತ್ತಿ, ಮತ್ತೆ ಹೊರಟಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಲ್ಲಿ ಬಿದ್ದಿಲ್ಲ ಎಂದರೆ ಇನ್ನೂ ಓಡುತ್ತಿದ್ದಾಳೆ, ಬೋಲ್ಟ್ ಇನ್ನಷ್ಟು ಸಡಿಲಾಗಿದೆ ಎಂದಷ್ಟೇ ಅರ್ಥ.

ಮತ್ತೆ ನಾಲ್ಕು ಮೈಲಿ ಹೋದ ಮೇಲೆ ಬೇವಿನ ಮರದಡಿ ನೀಲಿ ಬೈಕು ನಿಂತಿತ್ತು. ನೆಟ್ಟಗೆ ನಿಂತಿತ್ತು, ಆದರೆ ಉಜ್ವಲಾ ಕಾಣಲಿಲ್ಲ. "ಮೇಡಮ್‌ರ" ಎಂದು ಕೂಗಿದಾಗ ಬೈಕಿನ ಆಚೆ ಬದಿಯಿಂದ ಅವಳ ತಲೆ ಮೇಲೆದ್ದಿತು. ಕೈಯಲ್ಲಿ ಮೊಬೈಲಿನ ಟಾರ್ಚು. ಬಲ ಮೊಣಕಾಲಿನ ಹತ್ತಿರ ಹೊಸದೊಂದು ಗುಂಯ್‌ಗುಟ್ಟುವ ಸದ್ದು ಬಂತಂತೆ; ಬೇರೆಯವರಾಗಿದ್ದರೆ ಮನೆ ಮುಟ್ಟಿದ ಮೇಲೆ ನೋಡುತ್ತಿದ್ದರೇನೋ, ತನಗೆ ಮುಂದೆ ಹೋಗಲು ಹೆದರಿಕೆಯಾಗಿ ನಿಲ್ಲಿಸಿದೆ ಎಂದಳು. ಬೋಲ್ಟಿನ ತಲೆ ಅಕ್ಕಿಕಾಳಿನಷ್ಟು ಹೊರಗೆ ಬಂದಿತ್ತು.

ನಂತರ ಅವಳು ವಾಜಿದಾಳ ಮುಖ ನೋಡಿದಳು. "ನಿಮ್ಮ ಕಾಲ್ ಬಂದಿದ್ದ ಈಗ ನೋಡಿದೆ, ನಾ ಇನ್ನೂ ತಿರಗಿ ಹಚ್ಚೇ ಇಲ್ಲ. ನೀವ್ ಹೆಂಗ ಬಂದ್ರಿ?"

ಒಂದು ಕ್ಷಣ ವಾಜಿದಾಳ ಬಾಯಿಗೆ ಸುಳ್ಳು ಬಂದಿತ್ತು: ಈ ಕಡೆ ಬೇರೆ ಕೆಲಸವಿತ್ತು ಎನ್ನಬಹುದಿತ್ತು. ಚೀಲದಿಂದ ಉದ್ದ ಬೋಲ್ಟ್ ತೆಗೆದು ಮುಂದೆ ಹಿಡಿದಳು. "ತಪ್ಪ ನಂದರಿ. ಇದನ್ನ ಹಾಕಬೇಕಾಗಿತ್ತು. ಗಿಡ್ಡದ ಹಾಕಿ ನಿಮ್ಮನ್ನ ಕಳಿಸೀನಿ."

ಉಜ್ವಲಾ ಹೊರಬಂದ ಬೋಲ್ಟಿನ ತಲೆಗೆ ಟಾರ್ಚು ಹಿಡಿದು, "ಇದು ಬಿಚ್ಚಿ ಬಿದ್ದಿದ್ರ?" ಎಂದಳು.

"ಏನಾಗ್ತಿತ್ತಂತ ನನಗೂ ಗೊತ್ತಿಲ್ಲರಿ. ಬ್ಯಾರೆ ಬೋಲ್ಟ್ ಹಿಡದಿರ್ತಿದ್ವು ಖರೆ. ಎಷ್ಟ ಹೊತ್ತ ಅಂತ ಹೇಳಾಕ ಬರೂದಿಲ್ಲ."

ಉಜ್ವಲಾ ದಾರಿಬದಿಯ ಕಲ್ಲಿನ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು ಎಂದು ವಾಜಿದಾಳಿಗೆ ಅನ್ನಿಸಿತು. ಗಿಡ್ಡ ಬೋಲ್ಟ್ ಬೆರಳಲ್ಲೇ ಬಿಚ್ಚಿ ಬಂತು. ಅದರ ತುದಿಯ ಸುತ್ತುಗಳು ಸವೆದು ಹೊಳೆಯುತ್ತಿದ್ದವು. ಒಳಗಿನ ಸುತ್ತುಗಳೂ ಕೆಟ್ಟಿದ್ದರೆ ಈ ಗಾಡಿ ಇಲ್ಲಿಂದ ಕದಲುವಂತಿಲ್ಲ. ಉದ್ದನೆಯದನ್ನು ತೂತಿಗಿಟ್ಟು ಪಾನಾ ಇಲ್ಲದೆ ಕೈಯಲ್ಲೇ ತಿರುಗಿಸಿದಳು. ಮೊದಲ ಸುತ್ತು ತುಸು ತಡೆಯಿತು. ಎರಡನೆಯದು ಹೋಯಿತು. ಮೂರು, ನಾಲ್ಕು, ಆಮೇಲೆ ಒಳಗಿನ ಹೊಸ ಸುತ್ತುಗಳು ಸಿಕ್ಕು ಬೋಲ್ಟ್ ಸರಾಗವಾಗಿ ಇಳಿಯಿತು.

ಪಾನಾ ಟಕ್ಕೆಂದ ಮೇಲೂ ಉಜ್ವಲಾ ಎಡಗಡೆಯದನ್ನು ಬಿಚ್ಚಿ ತೋರಿಸಿರೆಂದಳು. ವಾಜಿದಾ ತೋರಿಸಿ ಮತ್ತೆ ಹಾಕಿದಳು. ಅಷ್ಟಾದರೂ ಉಜ್ವಲಾ ಬೈಕಿನ ಹತ್ತಿರ ಹೋಗಲಿಲ್ಲ. ಇಬ್ಬರೂ ನೆರಳಲ್ಲಿ ಕೂತರು. ಟ್ರ್ಯಾಕ್ಟರುಗಳು ಹಾದುಹೋದವು, ಪ್ರತಿ ಸದ್ದಿಗೂ ಉಜ್ವಲಾಳ ಭುಜ ಬಿಗಿಯುವುದು ಕಾಣುತ್ತಿತ್ತು.

"ಚಿಕ್ಕೋಡಿ ಮಟ ನನ್ನ ಹಿಂದ ಬರ್ರಿ," ಎಂದಳು ಕಡೆಗೆ. "ಏನರ ಕಂಡ್ರ ಹಾರ್ನ್ ಹೊಡೀರಿ."

ಹಾರ್ನ್ ಹೊಡೆಯುವ ಪ್ರಸಂಗ ಬರಲಿಲ್ಲ. ಚಿಕ್ಕೋಡಿಯಲ್ಲಿ ಉಜ್ವಲಾ ನಿಲ್ಲಿಸಿ, ಬಗ್ಗಿ ಎರಡೂ ಬೋಲ್ಟು ಮುಟ್ಟಿ ನೋಡಿ, ಕೈ ಬೀಸದೆ ರಾಯಬಾಗದ ದಾರಿ ಹಿಡಿದಳು. ಮಧ್ಯಾಹ್ನ ಮೂರರ ಹೊತ್ತಿಗೆ 'ಮುಟ್ಟಿದೆ' ಎಂಬ ಒಂದೇ ಮಾತಿನ ಮೆಸೇಜ್ ಬಂತು. ಅಲ್ಲಿಯವರೆಗೆ ವಾಜಿದಾ ಊಟ ಮುಟ್ಟಿರಲಿಲ್ಲ. ಅಪ್ಪನಿಗೆ ಎಲ್ಲವನ್ನೂ ಹೇಳಿದಾಗ ಅವನು, ಆಕೆಗೆ ನಿಜ ಹೇಳಿದೆಯಾ ಎಂದಷ್ಟೇ ಕೇಳಿದ. ಹೂಂ ಎಂದಳು. ಅಂದಿನಿಂದ ಅವಳ ಬೆಂಚಿನ ಮೇಲೆ ಒಂದು ಡಬ್ಬಿ ಮುಚ್ಚುವ ತನಕ ಇನ್ನೊಂದು ತೆರೆಯಲಿಲ್ಲ. ನಾಲ್ಕು ದಿನ ಯಾವ ಬೈಕಿಗೂ ಕೈ ಹಚ್ಚಲಿಲ್ಲ.

ಮಾರ್ಚಿನಲ್ಲಿ ಉಜ್ವಲಾ ಎಂಜಿನ್ನಿನ ಬದಿಯ ಮುಚ್ಚಳ ಹಾಕಿಸಲು ಬಂದಳು. ಅವಳು ಮತ್ತೆ ಬರುವಳೆಂದು ವಾಜಿದಾ ಅಂದುಕೊಂಡಿರಲಿಲ್ಲ. ಬಂದವಳು ಕಾಲೇಜಿನ ಪ್ರಯೋಗಶಾಲೆಯ ಅಳತೆಯ ಉಪಕರಣವೊಂದನ್ನು ಚೀಲದಿಂದ ತೆಗೆದು, ಒಂದೊಂದೇ ಬೋಲ್ಟನ್ನು ಅದರ ದವಡೆಗಳ ನಡುವೆ ಇಟ್ಟು ಅಳೆದು, ಕಾಗದದ ಮೇಲೆ ಬರೆದು, ಆಮೇಲೆ ಕೊಟ್ಟಳು. ವಾಜಿದಾ ಪ್ರತಿಯೊಂದಕ್ಕೂ ಕೈಯೊಡ್ಡಿ ಕಾದಳು. ಕಡೆಯ ಬೋಲ್ಟ್ ಇಸಿದುಕೊಳ್ಳುವಾಗ, ಆ ಅಳತೆ ಓದುವುದು ಹೇಗೆಂದು ತನಗೂ ಕಲಿಸುವಿರಾ ಎಂದು ಕೇಳಿದಳು.

ಉಜ್ವಲಾ ಸರಿದು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟಳು.