ಮಾತು ಮುಚ್ಚಿದ ಟಯರು

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ ಸ್ವಾಮಿ. ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆಗೆ ಹುಳ ಬೀಳಲಿ, ಬಿದ್ದ ಹುಳಕ್ಕೂ ಪಂಕ್ಚರ್ ಆಗಲಿ. ಕಾಗದ ಪೆನ್ನು ಹಿಡಿದು ವಿಚಾರಣೆಗೆ ಬಂದಿದ್ದೀರಿ, ಬರೆದುಕೊಳ್ಳಿ. ಈ ಲಾರಿ ಶೆಡ್ಡಿನಲ್ಲಿ ನನ್ನನ್ನು ಬುರುಡೆ ಎಂದು ಕರೆಯುತ್ತಾರೆ. ಬುರುಡೆ ಬಿಡುತ್ತೇನೆ, ಇಲ್ಲ ಅನ್ನುವುದಿಲ್ಲ. ಇದು ಮಾತ್ರ ಬುರುಡೆಯಲ್ಲ.

"ಹೊಸ ಟಯರ್ ಬೇಕಂತೆ ಬೋಳಿಮಗಂಗೆ! ನಿಮ್ಮಪ್ಪ ರಬ್ಬರ್ ಮರ ನೆಟ್ಟಿದ್ನೇನೋ?" ಎಂದು ಮೇನೇಜರ್ ಕೂಗಿದಾಗ ನಾನು ಏಳನೇ ನಂಬರ್ ಲಾರಿಯ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆ.

"ಸಾರ್, ಹಿಂದಿಂದು ಎಷ್ಟು ಬೇಕಾದ್ರೂ ಕೊರೀತೀನಿ. ಮುಂದಿಂದು ಬೇಡ. ಅದು ಒಡೆದ್ರೆ ಸ್ಟೇರಿಂಗ್ ಕೈಗೆ ಸಿಗಲ್ಲ."

"ನೀನು ಓಡಿಸ್ತೀಯೇನೋ? ಓಡ್ಸೋನು ನೋಡ್ಕೋತಾನೆ. ಮಧ್ಯಾಹ್ನ ತಪಾಸಣೆ ಸಾಹೇಬ್ರು ಬರ್ತಾರೆ. ಮುಚ್ಕೊಂಡು ಕೊರಿ."

ಕೊರೆಯುವುದೆಂದರೆ ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಟಯರಿನ ಮೇಲೆ ನೆಲ ಹಿಡಿಯುವ ಗೆರೆಗಳಿರುತ್ತವಲ್ಲ, ಅವು ಸವೆದು ಬೋಳಾದ ಮೇಲೆ ಕಾದ ಬ್ಲೇಡಿನಲ್ಲಿ ಮತ್ತೆ ಗೆರೆ ಕೊರೆಯುತ್ತೇವೆ. ನೋಡಲು ಹೊಸದು, ಒಳಗೆ ಹಪ್ಪಳ. ಈ ಕೆಲಸದಲ್ಲಿ ನನ್ನ ಕೈ ಎತ್ತಿದ ಕೈ. ಓದಿಲ್ಲ, ಬರೆದಿಲ್ಲ, ಆದರೆ ಗೆರೆ ಎಳೆದರೆ ನೂಲು ಹಿಡಿದ ಹಾಗೆ.

ಬೇರೆ ಕಡೆ ಲಾರಿ ಟಯರಿಗೆ ಒಂದು ಆಯುಸ್ಸು ಅಂತಿರುತ್ತದೆ. ಹೊಸದಿದ್ದಾಗ ಮುಂದೆ, ಅರ್ಧ ಸವೆದಾಗ ಹಿಂದೆ, ಪೂರ್ತಿ ಸವೆದರೆ ಮೇಲೊಂದು ರಬ್ಬರು ಕೂರಿಸಿ ಇನ್ನೊಂದು ಸುತ್ತು, ಆಮೇಲೆ ಗುಜರಿ. ನಮ್ಮ ಶೆಡ್ಡಿನಲ್ಲಿ ಟಯರಿಗೆ ಸಾವೇ ಇಲ್ಲ. ನನ್ನ ಮದುವೆಗೆ ಮೊದಲು ರಸ್ತೆಗಿಳಿದ ಒಂದು ಟಯರು ನನ್ನ ಮಗಳ ಮದುವೆಯಾದರೂ ಓಡುತ್ತಿತ್ತು. ಡ್ರೈವರುಗಳು ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯುತ್ತಿದ್ದರು. ಅದರ ಮೇಲೆ ಕೂತ ನೊಣ ಜಾರಿಬಿದ್ದು ಕಾಲು ಮುರಿದುಕೊಂಡದ್ದನ್ನು ಈ ಕಣ್ಣಿಂದ ನೋಡಿದ್ದೇನೆ.

ಅದೇ ಯಜಮಾನರ ದೊಡ್ಡ ಕಾರು ನೋಡಿ. ನೀವು ಈಗ ಬಂದಿಳಿದಿರಲ್ಲ, ಅದೇ. ಮೂವತ್ತು ಸಾವಿರ ಕಿಲೋಮೀಟರ್ ಆಯಿತೆಂದರೆ ನಾಲ್ಕೂ ಚಕ್ರಕ್ಕೆ ಹೊಸ ಟಯರು. ಬಿಚ್ಚುವವನು ನಾನೇ. ಹಳೆಯದರ ಗೆರೆಯಲ್ಲಿ ಹೆಬ್ಬೆಟ್ಟಿನ ಉಗುರು ಪೂರ್ತಿ ಇಳಿಯುತ್ತದೆ, ಇನ್ನೂ ಅಷ್ಟೇ ದೂರ ಓಡುತ್ತದೆ. ಯಾಕೆ ಯಜಮಾನ್ರೇ ಎಂದು ಒಂದು ಸಲ ಕೇಳಿದೆ.

"ಸೌಂಡ್ ಬರ್ತಿದೆ ಕಣೋ. ನಾಯಿಗೆ ನಿದ್ದೆ ಹತ್ತಲ್ಲ" ಎಂದರು. ಹಿಂದಿನ ಸೀಟಿನಲ್ಲಿದ್ದ ನಾಯಿ ನನ್ನನ್ನು ನೋಡಿ ಆಕಳಿಸಿತು.

ಇರಲಿ. ಕೊರೆಯುವವರಲ್ಲಿ ಒಂದು ಪದ್ಧತಿಯಿದೆ. ಒಳಮಗ್ಗುಲ ಗೆರೆಯಲ್ಲಿ ಬೆರಳಗಲ ಜಾಗ ಕೊರೆಯದೆ ಬಿಡುತ್ತೇವೆ. ಮಾತು ಬಿಡುವುದು ಅನ್ನುತ್ತೇವೆ ಅದಕ್ಕೆ. ಡ್ರೈವರು ಹೊರಡುವ ಮುಂಚೆ ಚಕ್ರದ ಹಿಂದೆ ಕೈ ಹಾಕಿ ಸವರುತ್ತಾನೆ. ಬೆರಳಿಗೆ ಅಲ್ಲಿ ತಡೆಯಿತೋ, ಇದು ಕೊರೆದ ಮಾಲು, ಇಳಿಜಾರಿನಲ್ಲಿ ಮೆಲ್ಲಗೆ ಇಳಿಸಬೇಕು ಎಂದು ತಿಳಿದುಕೊಳ್ಳುತ್ತಾನೆ. ಮೇನೇಜರ್ ಎದುರು ಬಾಯಿ ತೆರೆಯುವ ಹಾಗಿಲ್ಲವಲ್ಲ, ಅದಕ್ಕೆ.

ಅವತ್ತು ಆ ನನ್ಮಗ ಟಾರ್ಚು ಹಿಡಿದು ಚಕ್ರದ ಹಿಂದೆ ತಲೆ ತೂರಿಸಿದ.

"ಇದೇನೋ, ಇಲ್ಲಿ ಬಿಟ್ಟಿದ್ದೀಯ? ಸಾಹೇಬ್ರು ನೋಡಿದ್ರೆ ನನ್ನ ಮಾನ ಹೋಗುತ್ತೆ."

"ಅಲ್ಲಿ ರಬ್ಬರೇ ಇಲ್ಲ ಸಾರ್, ಒಳಗಿನ ನೂಲು ಕಾಣ್ಸುತ್ತೆ."

"ಕೊರೀತೀಯೋ, ಇಲ್ಲಾ ಆ ಬ್ಲೇಡು ನಿನ್ನ ತಿಕಕ್ಕೆ ಇಡ್ಲೋ?"

ಕೊರೆದೆ. ಎರಡೂ ಚಕ್ರದ ಮಾತು ಮುಚ್ಚಿದೆ. ತಪಾಸಣೆ ಸಾಹೇಬರು ಬಂದರು, ಬೆರಳಿಟ್ಟು ನೋಡಿದರು, ಸಹಿ ಹಾಕಿದರು. ಮೇನೇಜರ್ ಅವರನ್ನು ಬೀಳ್ಕೊಡಲು ಗೇಟಿನ ಕಡೆ ಹೋದ.

ಏಳನೇ ನಂಬರ್ ಓಡಿಸುವವನು ನನ್ನ ಅಕ್ಕನ ಗಂಡ. ಭಾವ ಊಟ ಮುಗಿಸಿ ಬಂದು ಚಕ್ರದ ಹಿಂದೆ ಕೈ ಹಾಕಿದ. ಸವರಿದ. ಇನ್ನೊಂದು ಕಡೆಗೂ ಹೋಗಿ ಸವರಿದ. ಮುಖ ಅರಳಿತು.

"ಏ ಭಾಮೈದ, ಕೊನೆಗೂ ಹೊಸ ಜೋಡಿ ಹಾಕ್ಸಿದ್ರಾ!"

"ಹತ್ತಬೇಡ ಭಾವ. ಎರಡೂ ಕೊರೆದಿದ್ದು. ನಾನೇ ಕೊರೆದೆ."

"ಹೋದ ತಿಂಗಳು ಸೀಟಿನ ಕೆಳಗೆ ಹಾವಿದೆ ಅಂತ ನನ್ನ ಕಿಟಕಿಯಿಂದ ಹಾರಿಸಿದ್ದೆ. ಇವತ್ತು ಇದಾ?"

"ಈ ಸಲ ನಿಜ ಭಾವ. ಅಕ್ಕನ ಆಣೆ!"

"ಪಾಪ, ನಿಮ್ಮಕ್ಕನ ತಲೆ ಮೇಲೆ ವಾರಕ್ಕೆಷ್ಟು ಆಣೆ ಇಡ್ತೀಯೋ!" ಲೋಡು ಹಾಕುತ್ತಿದ್ದವರೆಲ್ಲ ಗೊಳ್ಳೆಂದರು. ಭಾವ ನನ್ನ ಕೆನ್ನೆ ತಟ್ಟಿದ. "ಕೊರೆದಿದ್ರೆ ನೀನು ಮಾತು ಬಿಡ್ದೆ ಇರ್ತಿದ್ಯಾ? ನಿನ್ನ ಬಾಯಿ ಸುಳ್ಳು ಹೇಳುತ್ತೆ, ಕೈ ಹೇಳಲ್ಲ."

ನಾನು ಲಾರಿಗೆ ಅಡ್ಡ ನಿಂತೆ. ಗೇಟಿನಿಂದ ವಾಪಸು ಬಂದ ಮೇನೇಜರ್, "ಎಳೆದಾಕ್ರೋ ಆ ಹುಚ್ಚುಮುಂಡೇಗಂಡನ್ನ" ಎಂದ. ನಾಲ್ಕು ಜನ ನಗುನಗುತ್ತಲೇ ನನ್ನ ಕೈಕಾಲು ಹಿಡಿದು ಎತ್ತಿ ಪಕ್ಕಕ್ಕಿಟ್ಟರು. ಎಲ್ಲ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವರೇ. ಭಾವ ಹಾರ್ನು ಬಾರಿಸಿ ಕೈ ಬೀಸಿದ. ಹೊಸ ಟಯರೆಂಬ ಖುಷಿಗೆ ಗೇಟಿನಲ್ಲೇ ಗೇರು ಏರಿಸಿದ.

ಇಳಿಜಾರಿನ ಮೂರನೇ ತಿರುವಿನಲ್ಲಿ ಎಡಗಡೆಯದು ಒಡೆಯಿತು. ಕ್ಯಾಬಿನ್ ಕತ್ತರಿಸಿ ಹೊರಗೆ ತೆಗೆದರು. ಜೀವ ಇದೆ. ಮಂಚದ ಮೇಲೆ ಮೊಣಕಾಲಿನಿಂದ ಕೆಳಗೆ ಹೊದಿಕೆ ಚಪ್ಪಟೆಯಾಗಿದೆ. ಒಡೆದ ಟಯರಿಗೆ ಮೇನೇಜರ್ ಅವತ್ತೇ ಬೆಂಕಿ ಇಡಿಸಿದ. ಹೊಗೆ ನಮ್ಮನೆ ಬಾಗಿಲವರೆಗೂ ಬಂತು.

ಆಸ್ಪತ್ರೆಯಲ್ಲಿ ಭಾವನ ಬೆರಳು ಮಂಚದ ಪಟ್ಟಿ ಸವರುತ್ತಿತ್ತು. "ಕೈಗೆ ಸಿಗಲಿಲ್ಲ ಕಣೋ" ಎಂದ.

ಅಕ್ಕ ನನ್ನನ್ನು ಹೊರಗೆ ಕರೆದುಕೊಂಡು ಬಂದಳು. "ಬಾಯಲ್ಲಿ ಹೇಳಿದ್ಯಂತಲ್ಲ. ಬಾಯಲ್ಲಿ ಯಾವತ್ತು ನಿಜ ಹೇಳಿದ್ದೀಯೋ ನೀನು? ಕೈಯಲ್ಲಿ ಹೇಳ್ಬೇಕಿತ್ತು." ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು ಸ್ವಾಮಿ. ಅಳಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈಗ ನೀವೂ ತುಟಿಯಂಚಿನಲ್ಲಿ ನಗುತ್ತಿದ್ದೀರಿ. ನಿಮ್ಮ ಕಾಗದದಲ್ಲಿ ಡ್ರೈವರನ ತಪ್ಪು ಎಂದು ಆಗಲೇ ಬರೆದಾಗಿದೆಯಂತೆ. ಟಯರು ಹೊಸದಾಗಿತ್ತು ಎಂದು ನಾನು ಹೆಬ್ಬೆಟ್ಟು ಒತ್ತಿದರೆ ಭಾವನ ಸಂಸಾರಕ್ಕೆ ಯಾರೂ ಏನೂ ಕೊಡಬೇಕಾಗಿಲ್ಲವಂತೆ, ಮೇನೇಜರ್ ಹೇಳಿದ. ಶಾಯಿ ತಂದಿದ್ದೀರಲ್ಲ, ಒತ್ತೋಣ.

ಅದಕ್ಕೆ ಮೊದಲು ನನಗೊಂದು ಉಪಕಾರ ಮಾಡಿ. ಬಲಗಡೆಯ ಟಯರಿಗೆ ಅವತ್ತು ಏನೂ ಆಗಲಿಲ್ಲ. ಅದನ್ನು ಹಾಗೇ ಉಳಿಸಿಕೊಂಡು ಲಾರಿ ರಿಪೇರಿ ಮಾಡಿಸಿದ್ದಾರೆ. ನೀವು ಒರಗಿ ನಿಂತಿರುವುದು ಅದಕ್ಕೇ. ಲೋಡು ಆಯಿತು, ಈಗ ಹೊರಡುತ್ತದೆ. ಡ್ರೈವರ್ ಹೊಸಬ. ಅವನಿಗೂ ಹೇಳಿದೆ, ನಕ್ಕ. ಅವನ ಪಕ್ಕದ ಸೀಟು ಖಾಲಿಯಿದೆ. ಹತ್ತಿ ಸ್ವಾಮಿ, ಇಳಿಜಾರಿನ ಬುಡದವರೆಗೆ ಒಂದು ಸುತ್ತು ಹೋಗಿ ಬನ್ನಿ. ನಾನು ಹೇಳಿದ್ದು ಬುರುಡೆಯಾದರೆ ಅರ್ಧ ಗಂಟೆಯಲ್ಲಿ ವಾಪಸು ಬರುತ್ತೀರಿ, ಹೆಬ್ಬೆಟ್ಟೇನು, ಹತ್ತೂ ಬೆರಳು ಒತ್ತಿಕೊಡುತ್ತೇನೆ.

ಕಾಗದ ಮಾತ್ರ ಇಲ್ಲಿ ನನ್ನ ಕೈಗೆ ಕೊಟ್ಟು ಹೋಗಿ.